ಬಂಡೆಗಳ ನಡುವಿನ ಹಣ್ಣುಬಾಕ: ಕೋಲಾರದ ಬೆಟ್ಟಗಳು ಮತ್ತು ಹಳದಿ ಕೊರಳಿನ ಪಿಕಳಾರ



ಕೋಲಾರ ಸೀಮೆಯ ವೇದಿಕೆಗಳಲ್ಲಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ಚಿನ್ನದ ಗಣಿಯ ಚರಿತ್ರೆ, ಇಲ್ಲವೆ ನೀರಾವರಿ. ಎರಡೂ ದೊಡ್ಡ ವಿಷಯಗಳೇ. ನಾನು ಇಂದು ಅವಕ್ಕಿಂತ ಬಹಳ ಸಣ್ಣದೊಂದನ್ನು, ಸುಮಾರು 20 ಸೆಂಟಿಮೀಟರ್ ಉದ್ದದ ಒಂದು ಹಕ್ಕಿಯನ್ನು, ನಿಮ್ಮ ಮುಂದೆ ಇಡಲು ಬಂದಿದ್ದೇನೆ. ಹಳದಿ ಕೊರಳಿನ ಪಿಕಳಾರ ಅದರ ಹೆಸರು. ಬುಲ್ಬುಲ್ ಎಂದರೆ ಹೆಚ್ಚು ಜನಕ್ಕೆ ಪರಿಚಯವಾದೀತು. ಇಡೀ ಪ್ರಪಂಚದಲ್ಲಿ ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಬದುಕುವ ಈ ಹಕ್ಕಿಯ ನೆಲೆಗಳಲ್ಲಿ ನಮ್ಮ ಕೋಲಾರದ ಬೆಟ್ಟಗಳೂ ಸೇರಿವೆ. ಮೊದಲು ಹಕ್ಕಿಯ ಪರಿಚಯ ಮಾಡಿಕೊಳ್ಳೋಣ. ಆಮೇಲೆ ಅದರ ಊಟದ ವಿಚಾರ, ಅಂದರೆ ಹಣ್ಣಿಗೂ ಕಾಡಿಗೂ ಇರುವ ಲೆಕ್ಕಾಚಾರ. ಮೂರನೆಯದಾಗಿ ಬಂಡೆಯ ವಿಚಾರ.  ಕೊನೆಗೆ ಗಣಿ, ನೀಲಗಿರಿ ತೋಪು, ಕ್ವಾರಿಗಳ ನಡುವೆ ಈ ಬೆಟ್ಟಗಳ ಗತಿ ಏನಾಗಿದೆ ಎಂಬುದನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಹಕ್ಕಿಯ ಪರಿಚಯ. ನಮ್ಮ ಮನೆ ಹಿತ್ತಲಿನ ದಾಸವಾಳದ ಗಿಡದಲ್ಲಿ ಗೂಡು ಕಟ್ಟುವ ಎರಡು ಬಗೆಯ ಪಿಕಳಾರ ನಿಮಗೆಲ್ಲ ಗೊತ್ತು. ಒಂದಕ್ಕೆ ತಲೆ ಕಪ್ಪು, ಬಾಲದ ಬುಡ ಕೆಂಪು. ಇನ್ನೊಂದಕ್ಕೆ ಚೂಪು ಜುಟ್ಟು, ಕೆನ್ನೆಯ ಮೇಲೆ ಕೆಂಪು ಮೀಸೆ. ಇವೆರಡೂ ಮನುಷ್ಯರ ನಡುವೆ ಆರಾಮಾಗಿ ಇರಬಲ್ಲವು. ಬೆಂಗಳೂರಿನ ನಡುಮಧ್ಯದಲ್ಲೂ ಸಿಗುತ್ತವೆ. ಹಳದಿ ಕೊರಳಿನದು ಇವುಗಳ ದಾಯಾದಿಯಾದರೂ ಸ್ವಭಾವ ಬೇರೆ. ತಲೆಗೆ ಜುಟ್ಟಿಲ್ಲ. ತಲೆಯ ಮೇಲೆ ಹಸಿರು ಬೆರೆತ ಹಳದಿ, ಗಂಟಲಿನಲ್ಲಿ ಅಚ್ಚ ಹಳದಿ, ಎದೆ ಬೂದು, ಬಾಲದಡಿ ಮತ್ತೆ ಹಳದಿ, ಬಾಲದ ತುದಿ ಮಾಸಲು ಬಿಳುಪು. ಚಿನ್ನದೂರಿಗೆ ಚಿನ್ನದ ಬಣ್ಣದ ಹಕ್ಕಿ ಎಂಬ ಸುಲಭದ ಮಾತನ್ನು ನಾನು ಆಡುವುದಿಲ್ಲ. ಆ ಹಳದಿ ಮಾಗಿದ ನಿಂಬೆಹಣ್ಣಿನ ಹಳದಿ. ನಾಚಿಕೆಯ ಹಕ್ಕಿ, ಪೊದೆಯ ಒಳಗೇ ಸುಳಿದಾಡುತ್ತದೆ. ಇದೇ ಗುಡ್ಡಗಳ ಕುರುಚಲಿನಲ್ಲಿ ಇರುವ ಬಿಳಿ ಹುಬ್ಬಿನ ಪಿಕಳಾರದ ದನಿಯನ್ನೇ ಇದರ ದನಿಯೂ ಹೋಲುವುದರಿಂದ, ಕಿವಿಯನ್ನು ಮಾತ್ರ ನಂಬಿದವರು ಮೋಸ ಹೋಗುತ್ತಾರೆ.

ವಿಜ್ಞಾನದ ದಾಖಲೆಗೆ ಇದನ್ನು ಸೇರಿಸಿದವರು ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್, 1845ರಲ್ಲಿ. ಕಂಪನಿ ಸರ್ಕಾರದ ವೈದ್ಯರಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಜೆರ್ಡನ್ ನೆಲ್ಲೂರಿನ ಪಶ್ಚಿಮಕ್ಕಿರುವ ಪೂರ್ವಘಟ್ಟದ ಬೆಟ್ಟಗಳಿಂದ ಇದನ್ನು ಗುರುತಿಸಿದರು. ಇದೇ ಜೆರ್ಡನ್ ಹೆಸರು ಹೊತ್ತ ಇನ್ನೊಂದು ಹಕ್ಕಿ, ಜೆರ್ಡನ್ಸ್ ಕೋರ್ಸರ್, ಪೂರ್ತಿ ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದಾಗ 1986ರ ಜನವರಿಯಲ್ಲಿ ಕಡಪ ಜಿಲ್ಲೆಯಲ್ಲಿ ಮತ್ತೆ ಸಿಕ್ಕಿತು. ಆ ಕತೆ ಬಹಳ ಪ್ರಸಿದ್ಧ. ನಮ್ಮ ಪಿಕಳಾರಕ್ಕೆ ಅಂಥ ನಾಟಕೀಯ ಕತೆಯ ಅದೃಷ್ಟ ಬರಲಿಲ್ಲ. ಅದು ಕಳೆದುಹೋಗಲೂ ಇಲ್ಲ, ಯಾರ ಗಮನಕ್ಕೂ ಸರಿಯಾಗಿ ಬರಲೂ ಇಲ್ಲ. ಪಕ್ಷಿಗಳನ್ನು ಹುಡುಕಿಕೊಂಡು ಹೋಗುವವರು ಪಶ್ಚಿಮ ಘಟ್ಟದ ಮಳೆಕಾಡಿಗೆ ಹೋದರು, ಕೆರೆಗಳಿಗೆ ಹೋದರು. ನಡುವೆ ಬೆನ್ನು ಸುಡುವ ಬಂಡೆಗುಡ್ಡ ಯಾರಿಗೂ ಬೇಕಾಗಲಿಲ್ಲ. ಬೆಂಗಳೂರಿನ ಎಸ್. ಸುಬ್ರಮಣ್ಯ, ಜೆ. ಎನ್. ಪ್ರಸಾದ್ ಮತ್ತು ಎಸ್. ಕಾರ್ತಿಕೇಯನ್ ಗುಡ್ಡದಿಂದ ಗುಡ್ಡಕ್ಕೆ ಹತ್ತಿ ಇದರ ನೆಲೆ, ಊಟ, ನಡವಳಿಕೆಗಳನ್ನು ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 2006ರಲ್ಲಿ ಪ್ರಕಟಿಸಿದ ಮೇಲೆ ಇದರ ಚಿತ್ರ ಸ್ಪಷ್ಟವಾಯಿತು. ನಂದಿಬೆಟ್ಟ, ಕೋಲಾರದ ಅಂತರಗಂಗೆಯ ಸಾಲು, ರಾಮನಗರದ ಬೆಟ್ಟಗಳು, ಸಾವನದುರ್ಗ, ಅತ್ತ ಹಂಪಿ ಮತ್ತು ದರೋಜಿ, ಗಡಿಯಾಚೆ ಮದನಪಲ್ಲಿಯ ಹಾರ್ಸ್ಲಿ ಬೆಟ್ಟ, ತಮಿಳುನಾಡಿನ ಜಿಂಜಿ, ಕೇರಳದ ಚಿನ್ನಾರ್: ಈ ಹಕ್ಕಿಯ ಭೂಪಟ ಬರೆದರೆ ಅದು ದಕ್ಷಿಣದ ಕಲ್ಲುಕೋಟೆಗಳ ಭೂಪಟದಂತೆಯೇ ಕಾಣುತ್ತದೆ. ಪಾಳೆಯಗಾರರು ಕೋಟೆಗೆ ಆರಿಸಿಕೊಂಡ ಬೆಟ್ಟಗಳನ್ನೇ ಇದೂ ಆರಿಸಿಕೊಂಡಿದೆ. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಸುಲಭವಾಗಿ ತುತ್ತಾಗಬಲ್ಲ ಜೀವಿಗಳ ಸಾಲಿನಲ್ಲಿದೆ.

ಈಗ ಎರಡನೆಯ ವಿಷಯಕ್ಕೆ, ಅದರ ಊಟಕ್ಕೆ, ಬರುತ್ತೇನೆ.

ಹಣ್ಣು ತಿಂದು ಬದುಕುವ ಬೆಟ್ಟದ ಹಕ್ಕಿ ಎಂದರೆ ಪುಸ್ತಕ ಓದಿದವರಿಗೆ ನೆನಪಾಗುವುದು ಮಧ್ಯ ಅಮೆರಿಕದ ಕ್ವೆಟ್ಸಾಲ್. ಮೋಡ ಕವಿದ ಬೆಟ್ಟಗಾಡಿನಲ್ಲಿ, ನಮ್ಮ ಬೆಣ್ಣೆಹಣ್ಣಿನ ಬಳಗಕ್ಕೆ ಸೇರಿದ ಕಾಡುಹಣ್ಣುಗಳನ್ನು ಇಡಿಯಾಗಿ ನುಂಗಿ ಬೀಜವನ್ನು ಹೊರಗೆ ಉಗುಳುವ ಹಕ್ಕಿ ಅದು. ಗ್ವಾಟೆಮಾಲಾ ದೇಶ ತನ್ನ ಹಣಕ್ಕೇ ಅದರ ಹೆಸರಿಟ್ಟಿದೆ. ಚಿನ್ನ ತೆಗೆದ ನಾವು ಯಾವ ಹಕ್ಕಿಗೂ ಅಂಥ ಮರ್ಯಾದೆ ಕೊಟ್ಟಿಲ್ಲ, ಇರಲಿ. ಅಂಥದೇ ಊಟದ ಹಕ್ಕಿಯೊಂದು ನಮ್ಮ ಹಳೆಯ ಕೋಲಾರ ಜಿಲ್ಲೆಯಲ್ಲೇ ಇತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ನಂದಿಬೆಟ್ಟ ನಮ್ಮದು. 1,478 ಮೀಟರ್ ಎತ್ತರದ ಆ ಬೆಟ್ಟದ ನೆತ್ತಿಯ ತಂಪು ಮರಗಳಲ್ಲಿ ಪಶ್ಚಿಮ ಘಟ್ಟದ ಸ್ವತ್ತಾದ ನೀಲಗಿರಿ ಕಾಡುಪಾರಿವಾಳ ಇಂದಿಗೂ ಇದೆ. ಘಟ್ಟದಿಂದ ಅಷ್ಟು ದೂರದ ಒಣಬಯಲಿನ ನಡುವೆ ಅದು ಬದುಕಿರುವುದು ಬೆಟ್ಟದ ಎತ್ತರ, ಮಂಜು ಮತ್ತು ಹಣ್ಣಿನ ಮರಗಳಿಂದ. ಅದು ನೋಡಲು ಬಂದವರ ಕಣ್ಣು ತುಂಬುವ ದೊಡ್ಡ ಹಕ್ಕಿ. ಆದರೆ ಅದರ ಕತೆ ನಂದಿಯಲ್ಲೇ ನಿಲ್ಲುತ್ತದೆ. ಇಡೀ ಕೋಲಾರದ ಬೆಟ್ಟಸಾಲಿಗೆ, ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ದಿನ ದೂಡುವ ಈ ನೆಲಕ್ಕೆ, ಹೊಂದುವ ಹಣ್ಣುಬಾಕ ಪಿಕಳಾರವೇ.

ಅದು ಏನು ತಿನ್ನುತ್ತದೆ? ಬಂಡೆಯ ಬಿರುಕಿನಲ್ಲಿ ಬೇರಿಳಿಸಿದ ಕಲ್ಲರಳಿ ಮತ್ತಿತರ ಅತ್ತಿಯ ಜಾತಿಯ ಹಣ್ಣು, ಶ್ರೀಗಂಧ, ದೇವದಾರಿ, ಪರಿಗೆ, ಕಾಡುಮೆಣಸು, ಲಂಟಾನ. ಜೊತೆಗೆ ಹುಳುಹುಪ್ಪಟೆ. ಮಕ್ಕಳಾಗಿದ್ದಾಗ ಗುಡ್ಡಕ್ಕೆ ಹೋಗಿ ಕಾರೆ, ಕವಳೆ, ಪರಿಗೆ ಹಣ್ಣು ಕಿತ್ತು ಜೇಬು ಕಲೆ ಮಾಡಿಕೊಂಡವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಹಕ್ಕಿಯ ಪಟ್ಟಿ ನಿಮ್ಮ ಪಟ್ಟಿಗಿಂತ ಹೆಚ್ಚು ಬೇರೆಯಲ್ಲ. ಪಿಕಳಾರದ ಬಾಯಿ ಸಣ್ಣದು; ನುಂಗಬಲ್ಲಷ್ಟು ಚಿಕ್ಕ ಹಣ್ಣನ್ನೇ ಆರಿಸುತ್ತದೆ. ತಿರುಳು ಕರಗಿ ಬೀಜ ಹೊರಬರಲು ಬಹಳ ಹೊತ್ತು ಬೇಡ, ಅರ್ಧ ಗಂಟೆಯ ಆಸುಪಾಸು ಸಾಕು. ಆ ಹೊತ್ತಿಗೆ ಅದು ಇನ್ನೊಂದು ಪೊದೆಯ ಮೇಲೋ ಬಂಡೆಯ ತಲೆಯ ಮೇಲೋ ಕೂತಿರುತ್ತದೆ. ಬಂಡೆಯ ಮೇಲೆ ಬಿದ್ದ ಬೀಜವನ್ನು ಮುಂದಿನ ಮಳೆ ತೊಳೆದು ಬಿರುಕಿಗೆ ಸೇರಿಸುತ್ತದೆ.

ಶ್ರೀಗಂಧದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಂಧದ ಸಸಿ ಒಂಟಿಯಾಗಿ ಬದುಕಲಾರದು. ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ಅಲ್ಲಿಂದ ನೀರನ್ನೂ ಸಾರವನ್ನೂ ಎಳೆದುಕೊಳ್ಳಬೇಕು. ಹೀಗಾಗಿ ಬಯಲಲ್ಲಿ ಬಿದ್ದ ಗಂಧದ ಬೀಜಕ್ಕೆ ಭವಿಷ್ಯ ಕಡಿಮೆ. ಹಣ್ಣು ತಿಂದ ಹಕ್ಕಿ ಮುಳ್ಳುಪೊದೆಯಲ್ಲಿ ಕೂತು ಹಿಕ್ಕೆ ಹಾಕಿದರೆ ಬೀಜಕ್ಕೆ ಆಸರೆಯ ಗಿಡವೂ ಸಿಕ್ಕಿತು, ಆಡುಮೇಕೆಯಿಂದ ಕಾವಲೂ ಸಿಕ್ಕಿತು. ಪಿಕಳಾರ, ಕೋಗಿಲೆ, ಮೈನಾ, ಕುಟುರ ಎಲ್ಲವೂ ಈ ಕೆಲಸ ಮಾಡುತ್ತವೆ. ಇಂದು ನಮ್ಮ ರೈತರು ದುಡ್ಡು ಕೊಟ್ಟು ಗಂಧದ ಸಸಿ ತಂದು, ಪಕ್ಕದಲ್ಲಿ ಆಸರೆಗೆಂದು ತೊಗರಿ ಹಾಕಿ, ತಂತಿಬೇಲಿ ಕಟ್ಟುತ್ತಾರೆ. ಅದೇ ಕ್ರಮವನ್ನು ಬೆಟ್ಟದಲ್ಲಿ ಹಕ್ಕಿಗಳು ಯಾವ ಯೋಜನೆಯ ಹಂಗೂ ಇಲ್ಲದೆ ಪಾಲಿಸಿಕೊಂಡು ಬಂದಿವೆ.

ಅತ್ತಿಯ ಬಳಗದ ವಿಶೇಷ ಬೇರೆ. ಉಳಿದ ಗಿಡಗಳ ಹಣ್ಣಿಗೆ ಋತು ಉಂಟು. ಅತ್ತಿಯ ಹೂವು ಕಾಯೊಳಗೇ ಇದ್ದು, ಅದಕ್ಕೆ ಪರಾಗ ಮುಟ್ಟಿಸುವುದು ಒಂದು ಪುಟ್ಟ ಕಣಜ. ಕೆಲವೇ ದಿನ ಬದುಕುವ ಆ ಕಣಜದ ಸಂತತಿ ಉಳಿಯಬೇಕಾದರೆ ವರ್ಷವಿಡೀ ಎಲ್ಲೋ ಒಂದು ಮರದಲ್ಲಿ ಕಾಯಿ ಇರಲೇಬೇಕು. ಹಾಗಾಗಿ ಒಂದೇ ಜಾತಿಯ ಮರಗಳು ಬೇರೆಬೇರೆ ಕಾಲಕ್ಕೆ ಹಣ್ಣಾಗುತ್ತವೆ. ಮಾರ್ಚ್, ಏಪ್ರಿಲ್‌ನ ಬರಗಾಲದಲ್ಲಿ ಕಲ್ಲರಳಿಯೊಂದು ಹಣ್ಣಾದರೆ ಸುತ್ತಲ ಹಕ್ಕಿಗಳೆಲ್ಲ ಅಲ್ಲೇ. ಹತ್ತು ಗುಡ್ಡ ಸುತ್ತುವುದಕ್ಕಿಂತ ಹಣ್ಣಾದ ಒಂದು ಕಲ್ಲರಳಿಯ ಎದುರು ಸುಮ್ಮನೆ ಕೂತರೆ ನಾಚಿಕೆಯ ಹಕ್ಕಿಯೂ ಕಣ್ಣಿಗೆ ಬೀಳುತ್ತದೆ.

ಮೂರನೆಯದಾಗಿ ಬಂಡೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕೋಲಾರದ ನೆಲದಲ್ಲಿ ಎರಡು ಬಗೆಯ ಶಿಲೆ ಅಕ್ಕಪಕ್ಕ ಮಲಗಿವೆ. ಒಂದು ಷಿಸ್ಟ್ ಶಿಲೆಯ ಪಟ್ಟಿ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಬಹಳ ಕಡಿಮೆ, ವಯಸ್ಸು ಸುಮಾರು 270 ಕೋಟಿ ವರ್ಷ. ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರಿಗಾಂ ಎಲ್ಲ ಈ ಪಟ್ಟಿಯ ಮೇಲಿವೆ. ಚಿನ್ನ ಸಿಕ್ಕಿದ್ದು ಇದರಲ್ಲಿ. ಇದರ ಎರಡೂ ಮಗ್ಗುಲಿಗೆ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ನಮ್ಮ ಶತಶೃಂಗ, ತೇರಹಳ್ಳಿ, ಆವಣಿ, ಬೂದಿಕೋಟೆಯ ಬೆಟ್ಟ ಎಲ್ಲ ಈ ಎರಡನೆಯ ಬಗೆಯವು. ಅಲ್ಲಿ ಚಿನ್ನವಿಲ್ಲ. ಹಾಗಾಗಿ ನೂರಿಪ್ಪತ್ತು ವರ್ಷ ಎಲ್ಲರೂ ಷಿಸ್ಟ್ ಪಟ್ಟಿಯ ಕೆಳಗೆ ನೋಡಿದರು. ಪಿಕಳಾರದ ಕತೆ ನಡೆಯುವುದು ಪಕ್ಕದ ಗ್ರಾನೈಟಿನ ಮೇಲೆ.

ಗ್ರಾನೈಟ್ ಬೆಟ್ಟ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತದೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ, ಮೇಲಿನ ಭಾರ ಸವೆದು, ದೊಡ್ಡ ಹಾಳೆಗಳು ಕಳಚಿ ಇಳಿಜಾರಿಗೆ ಉರುಳುತ್ತವೆ. ಬುಡದಲ್ಲಿ ಗುಂಡುಗಳ ರಾಶಿ, ಗುಂಡುಗಳ ಸಂದಿಯಲ್ಲಿ ಮಣ್ಣು. ಬೋಳುಬಂಡೆಯ ಮೇಲೆ ಬಿದ್ದ ಮಳೆಯಲ್ಲಿ ಹೆಚ್ಚಿನದು ಒಳಗೆ ಇಂಗುವುದಿಲ್ಲ. ಹರಿದು ಈ ಸಂದಿಗಳಿಗೇ ಬಂದು ಸೇರುತ್ತದೆ. 700 ಮಿಲಿಮೀಟರ್ ಮಳೆಯ ಜಿಲ್ಲೆಯಲ್ಲಿ ಆ ಬಿರುಕಿನ ಗಿಡಕ್ಕೆ ಅದರ ಎಷ್ಟೋ ಪಾಲು ಹೆಚ್ಚು ನೀರು ಸಿಗುತ್ತದೆ. ಮೇಲಿನ ಗುಂಡಿನ ನೆರಳು ಆ ತೇವವನ್ನು ಬೇಸಿಗೆಯವರೆಗೆ ಕಾಯುತ್ತದೆ. ಬಂಡೆಯ ತಗ್ಗುಗಳಲ್ಲಿ ನೀರು ನಿಂತರೆ ಅದು ದೊಣೆ. ಬೇಸಿಗೆಯಲ್ಲಿ ಪಿಕಳಾರಗಳು ನೀರು ಕುಡಿಯಲು ಇಳಿಯುವುದು ಈ ದೊಣೆಗಳಿಗೇ. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದಲ್ಲ, ಅದೂ ಇದೇ ಬಿರುಕುಗಳ ವ್ಯವಹಾರ. ಎಲ್ಲಿಂದ ಬರುತ್ತದೆಂದು ಗೊತ್ತಾಗದ ನೀರು ಎಂದು ಭಕ್ತರು ಕೈಮುಗಿಯುತ್ತಾರೆ. ಬೆಟ್ಟ ಕುಡಿದ ಮಳೆಯನ್ನು ನಿಧಾನವಾಗಿ ಬಿಡುತ್ತಿದೆ ಎಂದು ತಿಳಿದ ಮೇಲೂ ಕೈಮುಗಿಯಲು ಅಡ್ಡಿಯೇನಿಲ್ಲ.

ಬಂಡೆಯ ರಾಶಿ ಇನ್ನೂ ಎರಡು ಉಪಕಾರ ಮಾಡುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿ ಗುಂಡುಗಳನ್ನು ದಾಟಿ ಒಳಗೆ ಹೋಗಲಾರದು. ಕೊಡಲಿಯೂ ಕುರಿಮಂದೆಯೂ ಸುಲಭವಾಗಿ ಹೋಗಲಾರವು. ಸುತ್ತಲ ಬಯಲಿನ ಕಾಡು ಹೊಲವಾದ ಮೇಲೂ ಹಣ್ಣಿನ ಗಿಡಗಳು ಉಳಿದುಕೊಂಡದ್ದು ಈ ಸಂದಿಗೊಂದಿಗಳಲ್ಲಿ. ದೂರದಿಂದ ನೋಡಿದವರಿಗೆ ಇದು ಬೋಳುಗುಡ್ಡ. ಪಹಣಿಯಲ್ಲಿ ಇದರ ಹೆಸರು ಖರಾಬು. ಬೇಸಾಯಕ್ಕೆ ಬಾರದ್ದೆಲ್ಲ ಖರಾಬು ಎಂಬುದು ಕಂದಾಯದ ಲೆಕ್ಕ, ಅದು ಬೆಳೆಗೆ ತೆರಿಗೆ ಹಾಕಲು ಹುಟ್ಟಿದ ಲೆಕ್ಕ. ನಾವು ಆ ಲೆಕ್ಕವನ್ನೇ ಬೆಟ್ಟದ ಬೆಲೆಯೆಂದು ತಿಳಿದುಬಿಟ್ಟಿದ್ದೇವೆ. ಪಿಕಳಾರ ಆ ಲೆಕ್ಕವನ್ನು ಒಪ್ಪುವುದಿಲ್ಲ. ಕೆಳಗಿನ ಹೊಲ, ತೋಪು, ತೋಟ ಯಾವುದೂ ಅದಕ್ಕೆ ಬೇಡ. ನಾವು ಖರಾಬೆಂದು ಬರೆದಿಟ್ಟ ಜಾಗವೇ ಬೇಕು.

ಇನ್ನು ನಾಲ್ಕನೆಯ ಭಾಗ. ಗಣಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಗಣಿಯ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ನ್ಯಾಯವಲ್ಲ ಎಂದು ನನಗನ್ನಿಸಿದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲಿನ ಮೊದಲ ದಶಕಗಳಲ್ಲಿ ಯಂತ್ರಗಳು ನಡೆದದ್ದು ಉಗಿಯಿಂದ. ಬಾಯ್ಲರಿನ ಹೊಟ್ಟೆಗೆ ಸೌದೆ ಮತ್ತು ಕಲ್ಲಿದ್ದಲು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಆ ವಿದ್ಯುತ್ತು ಗಣಿಯೂರಾದ ಕೆಜಿಎಫ್‌ನ ಬೀದಿಗಳನ್ನು ಬೆಳಗಿದ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದು ಸುತ್ತಲ ಕಾಡಿಗೂ ಉಸಿರು ಕೊಟ್ಟಿತು ಎಂಬುದನ್ನು ಹೇಳುವುದಿಲ್ಲ. ಸೌದೆಗೆ ಕಡಿದ ಕುರುಚಲು ಬೇರಿನಿಂದ ಮತ್ತೆ ಚಿಗುರುತ್ತದೆ. ಬಂಡೆ ಇದ್ದಲ್ಲೇ ಇತ್ತು, ಬಿರುಕಿನ ಮಣ್ಣೂ ಇತ್ತು, ಹಾಗಾಗಿ ಕಾಡು ಕುಂಟುತ್ತಲಾದರೂ ಮರಳಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಇಲ್ಲಿಂದ ಹೋಗಿತ್ತು. ಉಳಿದದ್ದು ಸುಮಾರು 3.3 ಕೋಟಿ ಟನ್ ಪುಡಿಮಣ್ಣಿನ ಸಯನೈಡ್ ದಿಬ್ಬಗಳು. ಸಿನಿಮಾದವರಿಗೆ ಅವು ಚೆಂದದ ಬೆಟ್ಟ. ಗಾಳಿ ಬೀಸುವ ತಿಂಗಳುಗಳಲ್ಲಿ ಕಿಟಕಿ ಮುಚ್ಚಿಕೊಂಡು ಕೂತವರಿಗೆ ಅವು ಏನೆಂದು ನಾನು ಹೇಳಬೇಕಿಲ್ಲ. ನನ್ನ ವಿಷಯಕ್ಕೆ ಸಂಬಂಧಿಸಿದಂತೆ ಇಷ್ಟು: ಮನುಷ್ಯ ಕಟ್ಟಿದ ಬೆಟ್ಟಕ್ಕೆ ಬಿರುಕಿಲ್ಲ, ದೊಣೆಯಿಲ್ಲ, ಹಣ್ಣಿಲ್ಲ.

ಗಣಿಗಿಂತ ಅಗಲವಾಗಿ ಈ ಜಿಲ್ಲೆಯನ್ನು ಬದಲಿಸಿದ್ದು ನೀಲಗಿರಿ ಮರ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಕ್ಕೂ ನೀಲಗಿರಿ ಬಂತು. 1981ರಲ್ಲೇ ವಂದನಾ ಶಿವ, ಎಚ್. ಸಿ. ಶರತ್ಚಂದ್ರ ಮತ್ತು ಜೆ. ಬಂದ್ಯೋಪಾಧ್ಯಾಯ ಬೆಂಗಳೂರಿನ ಐಐಎಂಗಾಗಿ ಕೋಲಾರದ ಈ ಅನುಭವವನ್ನು ಅಧ್ಯಯನ ಮಾಡಿ ಎಚ್ಚರಿಸಿದ್ದರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ನೀರಿನ ಜಗಳವನ್ನು ಇಲ್ಲಿ ಕೆದಕುವುದಿಲ್ಲ. ಹಣ್ಣು ತಿನ್ನುವ ಹಕ್ಕಿಯ ಕಡೆಯಿಂದ ನೋಡಿದರೆ ನೀಲಗಿರಿ ತೋಪಿನಲ್ಲಿ ಊಟವೇ ಇಲ್ಲ. ಒಂದು ಗುಡ್ಡಕ್ಕೂ ಇನ್ನೊಂದು ಗುಡ್ಡಕ್ಕೂ ನಡುವೆ ಮೊದಲು ಇದ್ದ ಬೇಲಿಸಾಲು, ಕುರುಚಲು, ಹಣ್ಣಿನ ಪೊದೆ ಹೋಗಿ ಗುಡ್ಡಗಳು ಒಂಟಿಯಾದವು. ಲಂಟಾನದ ಹಣ್ಣನ್ನು ಪಿಕಳಾರ ತಿನ್ನುತ್ತದೆ, ಆದ್ದರಿಂದ ಲಂಟಾನ ಒಳ್ಳೆಯದೇ ಎಂದು ವಾದಿಸುವವರಿದ್ದಾರೆ. ಒಂದೇ ಗಿಡ ನಾಲ್ಕು ಗಿಡಗಳ ಜಾಗ ತಿಂದರೆ ಅದರಲ್ಲಿ ಹಣ್ಣಿಲ್ಲದ ತಿಂಗಳುಗಳಲ್ಲಿ ಹಕ್ಕಿ ಏನು ಮಾಡಬೇಕೆಂದು ಅವರನ್ನೇ ಕೇಳಬೇಕು.

ಆದರೂ ಇವೆಲ್ಲ ಸರಿಪಡಿಸಬಹುದಾದ ಕೆಡುಕುಗಳು. ನೀಲಗಿರಿಯನ್ನು ಬೇರು ಸಹಿತ ಕಿತ್ತು ಹೊಲ ಮಾಡಿದ ರೈತರು ಈ ಸಭೆಯಲ್ಲೇ ಇರಬಹುದು. ಕ್ವಾರಿ ಹಾಗಲ್ಲ. ಸೈಜುಕಲ್ಲು, ಚಪ್ಪಡಿ ಒಡೆಯುವ ಹಳೆಯ ಕಸುಬು ಬೆಟ್ಟದ ಬುಡದಲ್ಲಿ ಉಳಿ, ಸುತ್ತಿಗೆಗಳಿಂದ ನಡೆಯುತ್ತಿತ್ತು. ಅದರ ಗಾಯ ಸಣ್ಣದು, ಅದರಿಂದ ಊಟ ಮಾಡಿದ ಮನೆಗಳು ಬಹಳ. ಈಗಿನದು ಸಿಡಿಮದ್ದು, ಯಂತ್ರ, ಜಲ್ಲಿ ಕ್ರಷರ್, ಎಂ-ಸ್ಯಾಂಡ್. ಬೆಂಗಳೂರಿನ ಕಟ್ಟಡಗಳಿಗೂ ರಸ್ತೆಗಳಿಗೂ ಜಲ್ಲಿ ಬೇಕು. ಹೊಸಕೋಟೆಯಿಂದ ಬೇತಮಂಗಲದವರೆಗೆ ಬಂದಿರುವ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನಾವೂ ಖುಷಿಯಿಂದ ಓಡಾಡುತ್ತೇವೆ. ಜಲ್ಲಿಯೇ ಬೇಡ ಎನ್ನುವ ಯೋಗ್ಯತೆ ನಮಗ್ಯಾರಿಗೂ ಇಲ್ಲ. ಎಲ್ಲಿಂದ ತೆಗೆಯಬೇಕು ಎಂದು ಕೇಳುವ ಹಕ್ಕು ಇದೆ. ಕಡಿದ ಕಾಡು ಮೂವತ್ತು ವರ್ಷಕ್ಕೆ ಮರಳಬಹುದು, ಒಡೆದ ಗುಂಡು ಮರಳುವುದಿಲ್ಲ. ಕ್ವಾರಿ ಮುಗಿದ ಗುಂಡಿಯ ಸುತ್ತ ಸಸಿ ನೆಟ್ಟು ಪರಿಹಾರ ಎನ್ನುತ್ತಾರೆ. ಸಸಿ ಬೆಳೆಯಬಹುದು. ಮಳೆಯನ್ನು ಕೂಡಿಸಿ ಬಿರುಕಿಗೆ ಇಳಿಸುತ್ತಿದ್ದ ಬಂಡೆ, ಬೆಂಕಿ ತಡೆಯುತ್ತಿದ್ದ ಗುಂಡುರಾಶಿ, ಬೇಸಿಗೆಯ ದೊಣೆ ಇವನ್ನು ಯಾವ ನರ್ಸರಿಯಲ್ಲೂ ಬೆಳೆಸಲಾಗದು. ಹಳದಿ ಕೊರಳಿನ ಪಿಕಳಾರಕ್ಕೆ ಬೇಕಾದದ್ದು ಮರ ಮತ್ತು ಬಂಡೆ ಎರಡೂ ಕೂಡಿದ ನೆಲೆ.

ಕಾನೂನಿನ ಸ್ಥಿತಿಯನ್ನು ಚುಟುಕಾಗಿ ಹೇಳುತ್ತೇನೆ. ಮೀಸಲು ಅರಣ್ಯದ ಗೆರೆಯೊಳಗಿನ ಬೆಟ್ಟಕ್ಕೆ ರಕ್ಷಣೆ ಇದೆ. ಗೆರೆಯ ಹೊರಗಿನ ಗುಡ್ಡಗಳು ಗೋಮಾಳ, ಖರಾಬು, ಸರ್ಕಾರಿ ಬಂಡೆ. ಇಂಥವುಗಳಿಗೆ ಆಸರೆಯಾಗಬಹುದಾಗಿದ್ದ ಡೀಮ್ಡ್ ಅರಣ್ಯದ, ಅಂದರೆ ಅರಣ್ಯವೆಂದು ಪರಿಗಣಿಸಲಾದ ಭೂಮಿಯ, ಪಟ್ಟಿ ರಾಜ್ಯದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಇದ್ದದ್ದು 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಯಿತು. ಸಾಗುವಳಿ ಮಾಡಿಕೊಂಡಿದ್ದ ಎಷ್ಟೋ ಬಡವರಿಗೆ ಇದರಿಂದ ನೆಮ್ಮದಿ ಸಿಕ್ಕಿತು, ಅದು ನಿಜ. ಯಾರೂ ಸಾಗುವಳಿ ಮಾಡಲಾರದ ಬಂಡೆಗುಡ್ಡಗಳನ್ನು ಆ ಲೆಕ್ಕದಲ್ಲಿ ಬೇರೆಯಾಗಿ ನೋಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ನನ್ನ ಮಾತು ನಿಲ್ಲಿಸುತ್ತೇನೆ. ಬೂದಿಕೋಟೆಯ ಕಡೆಗೆ, ಕಾಮಸಮುದ್ರದ ಕಾಡಿನ ಅಂಚಿಗೆ, ಅಂತರಗಂಗೆಯ ಹಿಂಬದಿಗೆ ಬೆಳಗಿನ ಹೊತ್ತು ಹೋಗಿ. ಕಾಮಸಮುದ್ರದ ಕಡೆ ಆನೆಗಳ ಓಡಾಟ ಇರುವುದರಿಂದ ಅರಣ್ಯ ಇಲಾಖೆಯವರಿಗೆ ತಿಳಿಸಿ, ಊರವರ ಜೊತೆಗೇ ಹೋಗಿ. ಹಕ್ಕಿಯನ್ನು ಕರೆಯಲು ಮೊಬೈಲಿನಲ್ಲಿ ಅದರ ದನಿ ಹಾಕಬೇಡಿ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಅದು ಊಟ ಬಿಟ್ಟು ಹೋರಾಟಕ್ಕೆ ನಿಲ್ಲುತ್ತದೆ. ಹಣ್ಣಾದ ಗಿಡದ ಎದುರು ಕೂತು ಕಾಯಿರಿ. ಹಕ್ಕಿ ಕಂಡರೆ ದಿನಾಂಕ, ಗಂಟೆ, ಯಾವ ಗಿಡದ ಹಣ್ಣು, ಸಮೀಪದ ದೊಣೆಯಲ್ಲಿ ನೀರಿತ್ತೋ ಇಲ್ಲವೋ ಬರೆದಿಡಿ. ಕಾಣದೆ ಹೋದರೂ ಗಿಡಗಳ ಹೆಸರು ಬರೆದಿಡಿ. ಊರಿನ ಹೆಸರಷ್ಟೇ ಬರೆದು ಬಿಡಬೇಡಿ. ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ ಆ ಗುಡ್ಡದ ಸರ್ವೆ ನಂಬರನ್ನೂ ಸೇರಿಸಿ. ಕ್ವಾರಿಗೆ ಅರ್ಜಿ ಬರುವುದು ಸರ್ವೆ ನಂಬರಿನ ಮೇಲೆ. ಆಕ್ಷೇಪಣೆ ಸಲ್ಲಿಸಲು ಹೋದಾಗ ಮೇಜಿನ ಆಚೆ ಕೂತವರು ಮೊದಲು ಕೇಳುವುದೂ ಅದನ್ನೇ.